ಜಾಕಿನ ಮ್ಯಾಲೆ ನಿಂತ ಗಾಡಿ

ಭೋಸರಿ, ಪುಣೆ
೫ ಅಕ್ಟೋಬರ್ ೨೦೨೫, ರವಿವಾರ

ನನ್ನ ಅವ್ವಗ, ನಿನ್ನ ಸಿಂಧು ಕಾಲಿಗೆ ಬಿದ್ದು ಬರಿಯೂ ಪತ್ರ.

ಸಾಲ್ಯಾಗ ಕಲಿಸಿದ ತೀರ್ಥರೂಪ, ಶಿರಸಾಷ್ಟಾಂಗ, ಇತ್ತಕಡೆ ಎಲ್ಲಾ ಕ್ಷೇಮ ಅನ್ನೂದು ಬಿಟ್ಟೇನಿ. ಇತ್ತಕಡೆ ಕ್ಷೇಮ ಇಲ್ಲ. ದಸರಾದ ಮುಂಜಾನೆ ನಾ ಹೂವಾ ತರಾಕ ಹೋಗಿ ಬರೂದ್ರಾಗ ನಿನ್ನ ಚೀಲಾ ಇಲ್ಲ, ನೀನೂ ಇಲ್ಲ. ಫೋನ್ ಮಾತ್ರ ಹಿಟ್ಟಿನ ಡಬ್ಬಿ ಮ್ಯಾಲೆ ಕುಂತಿತ್ತು. ಫೋನ್ ಬಿಟ್ಟು ಹೋಗೂದು ನಿನಗ ಯಾರು ಕಲಿಸಿದ್ರು? ಬನ್ನಿ ಕೊಡಾಕ ಬಂದ ಮಂದಿಗೆಲ್ಲ ಅವ್ವ ತವರಿಗೆ ಹೋಗ್ಯಾಳ ಅಂತ ನಕ್ಕೋತ ಸುಳ್ಳು ಹೇಳಿದೆ. ಆಮ್ಯಾಲೆ ಬಾಗಲಾ ಹಾಕ್ಕೊಂಡು ಅತ್ತೆ. ನಿನ್ನ ಮ್ಯಾಲೆ ಭಾಳ ಸಿಟ್ಟು ಬಂದದ ಅವ್ವಾ, ಅದನ್ನ ಮುಚ್ಚಿಡಾಂಗಿಲ್ಲ.

ನೀ ಖರೇನ ತವರಿಗೆ, ಇಂಡ್ಯಾಗ ಅವ್ವಣ್ಣ ಮಾವನ ಮನಿಗೆ ಹೋಗೀದಿ ಅಂತ ನಿನ್ನೆ ನಮ್ಮ ಪ್ರಿನ್ಸಿಪಾಲರ ಬಾಯಿಂದ ತಿಳೀತು. ಮಾವಗ ಫೋನ್ ಹಚ್ಚಿದ್ರ ಅಂವಾ ಸ್ಪೀಕರ್ ಮ್ಯಾಲೆ ಇಟ್ಟು ಓಣಿಗೆಲ್ಲ ಕೇಳಸ್ತಾನ. ಇದು ಓಣಿ ಕೇಳೂ ಮಾತಲ್ಲ. ಅದಕ್ಕ ಕಾಗದಾ ಬರದು ಸಂಜಿ ಇಂಡಿ ಬಸ್ಸಿನ ಡ್ರೈವರ್ ಕೈಯಾಗ ಕೊಡ್ತೀನಿ. ನಾಳೆ ಮುಂಜಾನೆ ನಿನ್ನ ಕೈ ಸೇರತದ. ಓದಿದ ಕೂಡ್ಲೆ ಹೊಂಡು. ಮಂಗಳವಾರ ಕಾಲೇಜಿನ್ಯಾಗ ಚೌಕಶಿ ಅದ, ಪೊಲೀಸರೂ ಬರ್ತಾರಂತ. ದೀಪಾಲಿ ಮ್ಯಾಲೆ ಗಾಡಿ ಹೆಂಗ ಬಿತ್ತು ಅಂತ ಮೊದಲು ನನ್ನನ್ನ ಕೇಳ್ತಾರ. ಅಲ್ಲಿ ನಾ ಏನು ಹೇಳ್ತೀನಿ ಅನ್ನೂದು ನಿನಗ ಮೊದಲು ಗೊತ್ತಿರಬೇಕು.

ದೀಪಾಲಿ ಇನ್ನೂ ಕಣ್ಣು ತೆಗದಿಲ್ಲ. ಸೊಂಟದ ಎಲುಬು ಮುರದದ, ಉಸಿರಿಗೆ ಮಶೀನ್ ಹಚ್ಯಾರ. ಬುಧವಾರ ಸಂಜಿ ಎಲ್ಲಾರ ಜೋಡಿ ನಾನೂ ದವಾಖಾನಿಗೆ ಹೋಗಿದ್ದೆ. ಬಾರಾಮತಿಯಿಂದ ಅವರವ್ವ-ಅಪ್ಪ ಬಂದಿದ್ರು. ಅವರವ್ವ ನನ್ನ ಗಲ್ಲಾ ಹಿಡದು, ನೀನ ಅಲ್ಲೇನ ಸಿಂಧು, ನನ್ನ ಮಗಳು ದಿನಾ ನಿನ್ನ ಹೆಸರು ಹೇಳತಿದ್ಳು ಅಂದ್ರು. ನನ್ನ ನಂಬರ್ ಬರಕೊಂಡ್ರು. ಅವತ್ತಿನಿಂದ ನಾ ಅಲ್ಲಿಗೆ ಮತ್ತ ಹೋಗಿಲ್ಲ, ಆ ತಾಯಿಗೆ ಮುಖಾ ತೋರಸಾಕ ಆಗವಲ್ದು.

ಯಾಕ ಅಂತ ನಿನಗ ಗೊತ್ತು. ನನಗೂ ಗೊತ್ತು ಅನ್ನೂದು ನಿನಗ ಗೊತ್ತಿಲ್ಲ.

ಗಾಡಿ ಕೆಳಗಿನ ಆ ಎರಡು ಸ್ಟ್ಯಾಂಡ್ ತೆಗದಾಕಿ ನೀನು. ಬುಧವಾರ ಖಂಡೇನವಮಿಗೆ ವರ್ಕ್‌ಶಾಪಿನ್ಯಾಗ ಪೂಜಾಕ್ಕಿಟ್ಟ ಎಲ್ಲಾ ಸಾಮಾನಿಗೆ ಹಳದಿ-ಕುಂಕು ಹಚ್ಚಿತ್ತು. ಆ ಎರಡಕ್ಕ ಮಾತ್ರ ಮೂರು ಬೆರಳಿನ ವಿಭೂತಿ. ಆ ಕಾಲೇಜಿನ್ಯಾಗ ಕಬ್ಬಿಣಕ್ಕ ವಿಭೂತಿ ಎಳ್ಯಾಕಿ ಇನ್ನ್ಯಾರು ಇದ್ದಾರ? ದೀಪಾಲೀನ ಹೊರಗ ಎಳದು ಆಂಬುಲೆನ್ಸಿಗೆ ಹಾಕೂ ಗದ್ದಲದಾಗ ಎಲ್ಲಾರೂ ಬಾಗಲ ಕಡೆ ಓಡಿದ್ರು. ನಾ ಪೂಜಾದ ಕಟ್ಟಿಗೆ ಹೋಗಿ ನನ್ನ ಓಢಣಿಲೆ ವಿಭೂತಿ ಒರಸಿದೆ. ನನ್ನ ಗೆಳತಿ ರಕ್ತ ಕಾರಾಕತ್ತಿದ್ಳು, ನಾ ನಿನ್ನ ಬೆರಳಿನ ಗುರುತು ಅಳಸಾಕತ್ತಿದ್ದೆ. ಎಂಥಾ ಮಗಳಾದೆ ನೋಡು.

ನೀ ಯಾಕ ತೆಗದಿ ಅಂತ ನಾ ಕೇಳೂದಿಲ್ಲ. ಅಪ್ಪ ಇದ್ದಾಗ ಪ್ರತಿ ಖಂಡೇನವಮಿಗೆ ಅವನ ಪಾನಾ, ಸುತ್ತಿಗಿ, ಜಾಕ್ ಎಲ್ಲಾ ಹೆಕ್ಕಿ ತಂದು, ಸೀಗೆಕಾಯಿ ಹಚ್ಚಿ ತಿಕ್ಕಿ, ಜ್ವಾಳದ ಮ್ಯಾಲೆ ಕೂಡಸತಿದ್ದಿ. ಗ್ಯಾರೇಜಿನ್ಯಾಗ ಒಂದ ಸಣ್ಣ ಕಬ್ಬಿಣದ ತುಂಡೂ ಪೂಜಿ ಬಿಟ್ಟು ಉಳೀಬಾರ್ದು, ಉಳದ್ರ ವರ್ಷಪೂರ್ತಿ ಅದು ಕಾಡತದ ಅನ್ನಾಕಿ ನೀನು. ಅಪ್ಪ ನಕ್ಕೋತ, ಇರಲಿ ಬಿಡ ಶರಣಿ, ನನ್ನ ಹಲ್ಲಿನ್ಯಾಗಿನ ತಂತಿನೂ ತೊಳದು ಇಡು ಅಂತಿದ್ದ. ಅವನ ನಂತರ ಈ ಕಾಲೇಜಿನ್ಯಾಗ ಆಯಾ ಆಗಿ ಕಸಾ ಹೊಡದಿ, ನನ್ನನ್ನ ಅಲ್ಲೇ ಮೋಟಾರ್ ಮೆಕ್ಯಾನಿಕ್ ಕೋರ್ಸಿಗೆ ಸೇರಿಸಿದಿ. ಹುಡುಗಿಗೆ ಗ್ರೀಸ್ ಬ್ಯಾಡ, ನರ್ಸಿಂಗ್ ಹಾಕು ಅಂದ ಮಂದಿಗೆಲ್ಲ, ಅವರಪ್ಪನ ಕೈ ಅದ ಅಕಿಗೆ ಅಂತ ಎದಿ ಸೆಟಸಿ ಹೇಳಿದಿ. ಅವತ್ತು ವರ್ಕ್‌ಶಾಪ್ ನೋಡಿ ನಿನಗ ಅಪ್ಪನ ಗ್ಯಾರೇಜ್ ನೆನಪಾತು, ಅಷ್ಟ.

ಆದ್ರ ನಿನಗ ಗೊತ್ತಿರೂದು ಅರ್ಧ ಸಂಗತಿ ಅವ್ವಾ. ಉಳದ ಅರ್ಧ ಹೇಳಾಕನ ಈ ಪತ್ರ.

ನಮಗ ಕಲಿಸಿದ ಮೊದಲನೇ ಪಾಠ ಏನು ಗೊತ್ತದ ಏನು? ಜಾಕ್ ಇರೂದು ಗಾಡಿ ಎತ್ತಾಕ, ಸ್ಟ್ಯಾಂಡ್ ಇರೂದು ಗಾಡಿ ಹೊರಾಕ. ಜಾಕಿನ ಮ್ಯಾಲೆ ನಿಂತ ಗಾಡಿ ಕೆಳಗ ದೇವರು ಕರದ್ರೂ ಹೋಗಬ್ಯಾಡ್ರಿ ಅಂತ ಮಧುಕರ್ ಸರ್ ದಿನಾ ಬಡಕೋತಾರ. ಅವತ್ತ ಮುಂಜಾನೆ ನಾನು, ದೀಪಾಲಿ ಆ ಹಳೇ ಬಿಳಿ ಕಾರಿನ ಮುಂಭಾಗ ಜಾಕಿಲೆ ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಇಟ್ವಿ. ಸರ್ ಬಂದು ಜಾಗಾ ನೋಡಿ ಹೂಂ ಅಂದ ಮ್ಯಾಲೆ ಜಾಕ್ ಸಡ್ಲ ಮಾಡಿ ಗಾಡಿ ಭಾರ ಸ್ಟ್ಯಾಂಡಿಗೆ ಕೊಡೂದಿತ್ತು. ಅಷ್ಟರಾಗ ಪೂಜಾದ ತಯಾರಿಗೆ ಬರ್ರಿ ಅಂತ ಎಲ್ಲಾರ್ನೂ ಕರದ್ರು. ಗಾಡಿಗೂ ಸ್ಟ್ಯಾಂಡಿಗೂ ನಡಕ ಬೆರಳು ಹೋಗೂವಷ್ಟು ಸಂದಿ ಉಳೀತು. ಭಾರ ಇಲ್ಲದ ಕಬ್ಬಿಣ ಸುಮ್ಮನ ನಿಂತದ್ದು ನೋಡಿ ನೀ ಎಳಕೊಂಡಿ. ಭಾರ ಕೂತಿದ್ರ ನಿನ್ನಂಥಾ ನಾಕು ಮಂದಿ ಎಳದ್ರೂ ಅದು ಬರತಿರಲಿಲ್ಲ.

ನಾ ಬಾಗಲದಾಗ ರಂಗೋಲಿ ಹಾಕತಿದ್ದೆ. ಗಾಡಿ ಕೆಳಗ ಆಯಿಲ್ ಟ್ರೇ ಉಳದದ, ಪೂಜಾದಾಗ ಹೊಲಸು ಕಾಣತದ ಅಂತ ದೀಪಾಲಿ ಅದನ್ನ ಎಳ್ಯಾಕ ಹೋದ್ಳು. ಸ್ಟ್ಯಾಂಡ್ ನಾವ ನಮ್ಮ ಕೈಲೆ ಇಟ್ಟಿದ್ವಿ, ಅಕಿ ಮತ್ತ ಯಾಕ ನೋಡ್ಯಾಳು? ಹೊಸಾ ಚೂಡಿದಾರ ಹೊಲಸಾಗಬಾರ್ದು ಅಂತ ಕೆಳಗ ಪೇಪರ್ ಹಾಸ್ಕೊಂಡು ಸರದ್ಳು. ಆಮ್ಯಾಲೆ ಆ ಸಪ್ಪಳಾ. ನಾ ತಿರುಗಿ ನೋಡೂದ್ರಾಗ ಅಕಿ ಚಪ್ಪಲಿ ಅಷ್ಟ ಕಾಣತಿದ್ವು.

ಈಗ ಕೇಳು. ಒಳ್ಳೆ ಜಾಕ್ ಇದ್ದಿದ್ರ ಆ ಗಾಡಿ ಬೀಳತಿರಲಿಲ್ಲ. ಆ ಜಾಕಿಂದು ಸೀಲ್ ಹೋಗಿತ್ತು, ಎಣ್ಣಿ ಸೋರಿ ತಾನ ತಾನ ಇಳೀತಿತ್ತು. ಗಣಪತಿ ಹಬ್ಬದ ಮುಂದ ಒಮ್ಮೆ ಗಾಡಿ ಎತ್ತಿಟ್ಟು ಚಹಾ ಕುಡದು ಬರೂದ್ರಾಗ ಅದು ಅರ್ಧ ಕೂತಿತ್ತು. ನಾನ ಮೊದಲು ನೋಡಿ ಸರ್‌ಗೆ ತೋರಿಸಿದೆ. ಮಧುಕರ್ ಸರ್ ಎರಡು ಸಲ ಹೊಸಾದು ಕೇಳಿದ್ರು. ದೀಪಾವಳಿ ಆಗಲಿ ನೋಡೋಣು, ಕಲಿಯೂ ಹುಡುಗರಿಗೆ ಅದ ಸಾಕು ಅಂದಿದ್ರು ಪ್ರಿನ್ಸಿಪಾಲ್. ಇದು ನಿನಗ ಯಾರೂ ಹೇಳಿಲ್ಲ. ಎಲ್ಲಾ ನಾ ಒಬ್ಬಾಕಿನ ಮಾಡಿದೆ ಅಂತ ನೀ ಎದಿ ಬಡಕೊಂಡು ಕುಂತಿರ್ತಿ ಅಲ್ಲಿ.

ಶುಕ್ರವಾರ ನಾ ಕಾಲೇಜಿಗೆ ಹೋದೆ. ವರ್ಕ್‌ಶಾಪಿನ ನೆಲಾ ಡೀಸೆಲ್ ಹಾಕಿ ತೊಳದಿದ್ರು, ಎಣ್ಣಿ ಕಲಿ ಒಂದೂ ಇರಲಿಲ್ಲ. ಬಿಳಿ ಕಾರಿನ ಬಾಜೂಕ ಹೊಸಾ ಕೆಂಪು ಜಾಕ್ ನಿಂತಿತ್ತು, ಅದಕ್ಕೂ ಕುಂಕು ಹಚ್ಚಿದ್ರು, ಮೊದಲಿಂದ ಅಲ್ಲೇ ಇದ್ದಂಗ. ಹಳೇದು ಎಲ್ಲಿ ಹೋತು ಅಂತ ಕೇಳಿದೆ. ಮಧುಕರ್ ಸರ್ ನನ್ನ ಕಡೆ ನೋಡದನ, ಸಿಂಧೂ ನನಗೂ ಮಕ್ಕಳಿದ್ದಾರ ಅಂತ ಅಂದು ಹೋಗಿಬಿಟ್ರು.

ನಿನ್ನೆ ಪ್ರಿನ್ಸಿಪಾಲ್ ಕರಸಿದ್ರು. ಕುರ್ಚಿ ಕೊಟ್ರು, ಚಹಾ ತರಸಿದ್ರು. ಎರಡು ತಿಂಗಳದಾಗ ನನ್ನ ಹೆಸರು ಕೇಳದ ಮನಷ್ಯಾ, ಬೇಟಾ ಬೇಟಾ ಅಂದ್ರು. ನೀ ಬುಧವಾರ ಸಂಜಿನ ಅವರ ಕಾಲಿಗೆ ಬಿದ್ದು ಒಪ್ಪಿಕೊಂಡಿ ಅಂತ ಹೇಳಿದ್ರು. ಪಾಪ ಅಡಾಣಿ ಹೆಂಗಸು, ಜೇಲಿಗೆ ಯಾಕ ಕಳಸಬೇಕು, ನಾನ ಜೀಪ್ ಕೊಟ್ಟು ಊರಿಗೆ ಕಳಿಸೇನಿ, ಮಗಳಿಗೂ ಹೇಳಬ್ಯಾಡ ಅಂದೇನಿ ಅಂದ್ರು. ಯಾರು ಅಡಾಣಿ, ಅಕ್ಷರ ಬರದಾಕಿ? ನೀ ನಾಕನೆತ್ತೆ ಕಲತಾಕಿ, ನನ್ನ ಕೈ ಹಿಡದು ಅಕ್ಷರ ತಿದ್ದಿಸಿದಾಕಿ.

ಆಮ್ಯಾಲೆ ಮಾತು ಮುಟ್ಟಿಸಿದ್ರು. ದೀಪಾಲಿ ಸ್ಟ್ಯಾಂಡ್ ಇಡದನ ಕೆಳಗ ಹೋದ್ಳು, ನಾ ಬ್ಯಾಡ ಅಂದ್ರೂ ಕೇಳಲಿಲ್ಲ ಅಂತ ನಾ ಮಂಗಳವಾರ ಹೇಳಬೇಕಂತ. ಹಂಗ ಹೇಳಿದ್ರ ನಿನ್ನ ಹೆಸರು ಎಲ್ಲೂ ಬರಾಂಗಿಲ್ಲ. ಜಾಕಿನ ಮಾತು ತೆಗದ್ರ ಮೊದಲು ಬರೂದು ನಿನ್ನ ಹೆಸರು. ತಾಯಿ ಬೇಕೋ ಜಾಕ್ ಬೇಕೋ ವಿಚಾರ ಮಾಡು ಅಂತ ನಕ್ಕರು. ಚಹಾ ಬಿಟ್ಟು ಎದ್ದು ಬಂದೆ. ನಿನ್ನೆಯಿಂದ ಕಾಲೇಜಿನ ಜೀಪ್ ನಮ್ಮ ಓಣಿ ತುದೀಗೆ ನಿಂತದ. ಡ್ರೈವರ್ ಪಾನಪಟ್ಟಿ ಅಂಗಡಿ ಮುಂದ ನಿಂತು ನಮ್ಮ ಬಾಗಲಾನ ನೋಡತಾನ. ನೀರಿಗೆ ಹೋದ್ರ ನನ್ನ ಹಿಂದನ ನಾಕು ಹೆಜ್ಜಿ ಬರ್ತಾನ. ಅಂಜಿಕಿ ಬಂದದ ಅವ್ವಾ. ಬಾಗಲಕ್ಕ ಗ್ಯಾಸಿನ ಸಿಲಿಂಡರ್ ಆನಸಿ ಮಲಗೇನಿ. ಚಲೋ ಉಣ್ಣಾಕತ್ತೇನಿ ಅಂತ ಬರಿಯಾಕಿ ಇದ್ದೆ, ಸುಳ್ಳು, ಉಂಡಿಲ್ಲ.

ಎಷ್ಟು ವಿಚಾರ ಮಾಡಿದ್ರೂ ಒಂದಕ್ಕ ಬಂದು ನಿಲ್ಲತೀನಿ. ಕಣ್ಣು ಮುಚ್ಚಿ ಮಲಗಿದಾಕಿ ಮ್ಯಾಲೆ ನನಗ ತಪ್ಪು ಹಾಕಾಕ ಆಗಾಂಗಿಲ್ಲ. ಹಂಗ ಹೇಳಿದ್ರ, ಅಕಿ ನಾಳೆ ಎದ್ದು ಕುಂತ್ರೂ ಕಾಲೇಜಿಗೆ ಅಕಿ ತಪ್ಪಿನಾಕಿ, ಕಲತದ್ದನ್ನ ಮುರದಾಕಿ. ಅಕಿ ಹಂಗಲ್ಲ. ನಮ್ಮ ಬ್ಯಾಚಿನ್ಯಾಗ ಪಾಠ ಕೇಳಾಕಿ ಯಾರರ ಇದ್ರ ಅದು ದೀಪಾಲಿ. ಅದಕ್ಕ ಮಂಗಳವಾರ ನಾ ಎಲ್ಲಾ ಹೇಳ್ತೀನಿ. ಸ್ಟ್ಯಾಂಡ್ ನಮ್ಮವ್ವ ತೆಗದ್ಳು ಅಂತನೂ, ವಿಭೂತಿ ನಾ ಒರಸಿದೆ ಅಂತನೂ, ಜಾಕ್ ಇಳೀತಿತ್ತು ಅಂತನೂ. ಮೂರೂ ಕೂಡೇ ಹೇಳಬೇಕು. ಒಂದ ಹೇಳಿದ್ರ ಒಬ್ಬರ ಕೊಳ್ಳಿಗೆ ಬೀಳತದ. ನನ್ನ ಮ್ಯಾಲೆ ಸಿಟ್ಟಾಗು, ಬೈ, ಹೊಡಿ, ಆದ್ರ ಬಾ. ನೀ ಬಾಜೂಕ ನಿಂತ್ರ ನನ್ನ ಧ್ವನಿ ನಡಗಾಂಗಿಲ್ಲ.

ಮಾವಗ ಏನೂ ಹೇಳಬ್ಯಾಡ. ಮನ್ಯಾಗ ಔಷಧ ಮುಗದದ ಅಂತ ಹೇಳಿ ಹೊಂಡು.

ನಿನ್ನ ಮಗಳು,
ಸಿಂಧು

ತಾ.ಕ.: ರಿಕ್ಷಾದಾಗ ಕುಂತು ಬರಿಯಾಕತ್ತೀನಿ, ಅಕ್ಷರ ಸೊಟ್ಟ ಆದಾವು. ಇಂಡಿ ಬಸ್ಸಿಗೆ ಈ ಕಾಗದಾ ಬ್ಯಾಡ. ಸಹಿ ಹಾಕಿ ಮಡಚೂದ್ರಾಗ ದೀಪಾಲಿ ಅವ್ವನ ಫೋನ್ ಬಂತು. ಮುಂಜಾನೆ ಮಶೀನ್ ತೆಗದ್ರಂತ, ಅಕಿ ಕಣ್ಣು ಬಿಟ್ಟಾಳಂತ. ನಿಮ್ಮ ಪ್ರಿನ್ಸಿಪಾಲ್ ದೇವರಂಥಾ ಮನಷ್ಯಾ, ಸೇವಾಕ್ಕ ಅಂತ ಕನ್ನಡದ ಆಯಾನ ಕಳಿಸ್ಯಾರ, ಶರಣಮ್ಮ ಮಾವಶಿ ದಸರಾದಿಂದ ನಮ್ಮ ಜೋಡಿನ ಇದ್ದಾಳ, ಹೊರಗ ಮೆಟ್ಟಲ ಮ್ಯಾಲೆ ಮಲಗತಾಳ, ಒಂದ ಹೊತ್ತು ಉಣ್ಣತಾಳ ಅಂದ್ರು. ನೀ ಇಂಡಿಗೆ ಹೋಗೇ ಇಲ್ಲ, ಪ್ರಿನ್ಸಿಪಾಲ್ ಕಳಿಸಿದ್ರು ಅಂತ ನೀನ ಅವರಿಗೆ ಸುಳ್ಳು ಹೇಳಿರಬೇಕು.

ದೀಪಾಲಿ ಮೊದಲು ಕೇಳಿದ್ದು, ಸ್ಟ್ಯಾಂಡ್ ಯಾರು ತೆಗದ್ರು ಅಂತ. ಅಂವಾ ಯಾಂವ ಇದ್ರೂ ಅವನ ಕೈ ಕಡೀತೀನಿ ಅಂತ ಅವರಪ್ಪ ಒದರ್ಯಾಡಿದ್ರಂತ, ಊರಿಂದ ಅಣ್ಣ-ತಮ್ಮಂದಿರೂ ಬಂದಾರಂತ. ಅದನ್ನ ಕೇಳಿ ಮಾವಶಿ, ಸಂಜಿ ದೀಪಾ ಹಚ್ಚೂ ಹೊತ್ತಿಗೆ ಎಲ್ಲಾರೂ ಒಂದ ಕಡೆ ಕೂಡ್ರಿ, ನಾ ಒಂದ ಮಾತು ಹೇಳೂದದ ಅಂದಾಳ, ಏನಿರಬೇಕು ಅಂತ ದೀಪಾಲಿ ಅವ್ವ ನನ್ನ ಕೇಳಿದ್ರು. ತಿರುಗಿ ಹಚ್ಚಿದ್ರ ಯಾರೂ ಎತ್ತವಲ್ರು. ದವಾಖಾನಿ ಹಾದ್ಯಾಗ, ನಾಶಿಕ್ ಫಾಟಾ ಚೌಕಿನ್ಯಾಗ ಗಾಡಿ ಹಂದ್ಯಾಡವಲ್ವು. ಬೀದಿ ದೀಪಾ ಹತ್ಯಾವು. ಹಿಂದ ಕಾಲೇಜಿನ ಜೀಪ್ ಕಾಣಾಕತ್ತದ.

ನನ್ನನ್ನ ಒಳಗ ಬಿಡಲಿಲ್ಲಂದ್ರ ಈ ಕಾಗದಾ ನರ್ಸ್ ಕೈಯಾಗ ಕೊಟ್ಟು ಕಳಸ್ತೀನಿ. ಅವ್ವಾ, ಇದನ್ನ ಓದೂತನಕ ಬಾಯಿ ತೆಗೀಬ್ಯಾಡ. ನೀ ಒಬ್ಬಾಕಿನ ಅಲ್ಲ. ಜಾಕ್ ಇಳೀತಿತ್ತು.