ಶೋಭಾಳ ಡಬ್ಬಿಗೆ ಕರದಂಟು

ಜೂನ್ 18, ಮಂಗಳವಾರ

ಬ್ರೆಡ್ ಮುಗಿದಿದೆ. ನಾಳೆಗೆ ತರಬೇಕು. ಬೆಣ್ಣೆ ಇದೆ, ಬಟಾಟೆ ಇದೆ. ಸ್ಯಾಂಡ್‌ವಿಚ್ಚಿನ ಅಂಚು ಕೆಂಪಾಗದಿದ್ದರೆ ಲಕ್ಷ್ಮೀ ಮುಟ್ಟುವುದಿಲ್ಲ. ಅವಳಿಗೆ ಎರಡು, ನನಗೆ ಎರಡು. ಮಜ್ಜಿಗೆ ಅವಳದು, ಘೋಡಗೇರಿಯ ಮನೆಯಿಂದ ಬರುತ್ತದೆ. ಸ್ಟಾಫ್ ರೂಮಿನ ಕಿಟಕಿ ಹತ್ತಿರದ ಎರಡು ಕುರ್ಚಿ ನಮ್ಮವು. ಹೆಡ್‌ಮಾಸ್ತರರೂ ಅಲ್ಲಿ ಕೂರುವುದಿಲ್ಲ.

ಇವತ್ತು ಹೊಸ ಗಣಿತದ ಟೀಚರ್ ಬಂದಳು. ಶೋಭಾ. ತವರು ಕಣಗಲಾ, ಗಂಡನ ಮನೆ ಗೋಕಾಕ ಫಾಲ್ಸ್. ಕಡ್ಡಿ ಹಾಗಿದ್ದಾಳೆ. ನಮ್ಮ ಡಬ್ಬಿ ಬಗ್ಗಿ ನೋಡಿದಳು.

"ದಿನಾ ಇದನ್ನ ತಿಂತೀರೇನ್ರಿ? ಬ್ರೆಡ್ಡು, ಬೆಣ್ಣಿ, ಮ್ಯಾಲ ಬಟಾಟಿ. ಎಷ್ಟ್ ಕ್ಯಾಲರಿ ಆಕ್ಕಾವು ಗೊತ್ತೈತೇನು?"

ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದೂ ಇಲ್ಲ. ಆದರೆ ಲಕ್ಷ್ಮೀ ಎರಡನೆಯದನ್ನು ಅರ್ಧಕ್ಕೇ ಬಿಟ್ಟಳು.

ಜೂನ್ 20

ಶೋಭಾಳ ಡಬ್ಬಿಯಲ್ಲಿ ಮೊಳಕೆ ಹೆಸರಿನ ಉಸಲಿ, ಸೌತೆಕಾಯಿ, ಹಕ್ಕರಕಿ ಸೊಪ್ಪಿನ ಪಚಡಿ, ಸಜ್ಜೆ ರೊಟ್ಟಿ ಅರ್ಧ. "ಹೊಟ್ಟಿ ತುಂಬತೈತಿ, ಮೈ ಬರೂದಿಲ್ಲ" ಎಂದು ಭಾಷಣ. ಹಕ್ಕರಕಿ ಏನು ಇವಳು ಕಂಡುಹಿಡಿದದ್ದೇ? ನಮ್ಮ ಹೊಲದ ಬದುವಿನಲ್ಲೇ ಬೆಳೆಯುತ್ತದೆ. ಲಕ್ಷ್ಮೀ ಮಾತ್ರ ಹೊಸದು ಕಂಡವಳ ಹಾಗೆ ಎರಡು ಸಲ ಹಾಕಿಸಿಕೊಂಡಳು.

ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನೋಡೋಣ, ಎಷ್ಟು ದಿನ.

ಜೂನ್ 27, ಸಂಜೆ

ಒಂದು ವಾರ ಆಯಿತು, ಗೋಣಿ ಇನ್ನೂ ಒಗೆಯುತ್ತಿದ್ದಾಳೆ. ಇವತ್ತು ಲಕ್ಷ್ಮೀ ಕುರ್ಚಿ ಎತ್ತಿಕೊಂಡು ಶೋಭಾಳ ಟೇಬಲ್ಲಿಗೇ ಹೋದಳು. ಕಿಟಕಿ ಹತ್ತಿರ ಒಂದೇ ಕುರ್ಚಿ.

ಗೇಟಿನಲ್ಲಿ ಹಿಡಿದು ಕೇಳಿದೆ. "ನನ್ನ ಸ್ಯಾಂಡ್‌ವಿಚ್ ಬ್ಯಾಸರಾತೇನ?"

"ಹಂಗಲ್ಲ ದಾನಕ್ಕ. ಥೈರಾಯಿಡ್ ಐತಿ, ತೂಕ ಇಳಸು ಅಂದಾರ ಡಾಕ್ಟರು. ನೀನೂ ಬಾ, ನಮ್ಮ ಜೋಡಿ ಕೂಡು."

ನಮ್ಮ ಜೋಡಿ. ಅಂದರೆ ಅವರಿಬ್ಬರು 'ನಾವು', ನಾನು ಬರೀ 'ನೀನು'.

ಹೊಟ್ಟೆಕಿಚ್ಚು ಅಂತ ಇಲ್ಲಿ ಬರೆದರೆ ಯಾರು ಓದುತ್ತಾರೆ? ಹೌದು, ಹೊಟ್ಟೆಕಿಚ್ಚು. ಗಂಡ ತೀರಿಕೊಂಡ ಮೇಲೆ ಈ ಶಾಲೆಗೆ ಬಂದಾಗ ಲಕ್ಷ್ಮೀ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಾನೇ ಅರ್ಧ ಸ್ಯಾಂಡ್‌ವಿಚ್ ಮುರಿದು ಕೈಗಿಟ್ಟೆ, ಮಾತಾಡಿಸಿದೆ. ನನಗೂ ಇನ್ನಾರಿದ್ದಾರೆ? ಮದುವೆ ಆಗಲಿಲ್ಲ. ಮನೆಯಲ್ಲಿ ಅಣ್ಣ, ಅತ್ತಿಗೆ, ಟಿವಿ. ನನ್ನ ಮಾತೆಲ್ಲ ಮಧ್ಯಾಹ್ನದ ಆ ಅರ್ಧ ತಾಸಿಗೇ ಇಟ್ಟುಕೊಂಡಿರುತ್ತೇನೆ.

ಜುಲೈ 1, ಬೆಳಿಗ್ಗೆ

ಯೂಟ್ಯೂಬ್ ನೋಡಿ ಎದ್ದೆ. ಬ್ರೆಡ್ ಬದಲು ಲೆಟ್ಯೂಸ್ ಎಲೆಯಲ್ಲಿ ಪಲ್ಯ ಸುತ್ತಬೇಕಂತೆ. ನಿನ್ನೆ ಗೋಕಾಕದ ಸಂತೆಯಲ್ಲಿ ಕೇಳಿದರೆ ಸೊಪ್ಪಿನ ಯಲ್ಲಕ್ಕ, "ಅದೇನವ್ವ, ದನಕ್ಕ ಹಾಕೂದೇನು?" ಅಂದಳು. ಕೋಸು ತಂದೆ. ಹಸಿ ಎಲೆ ಮಡಿಸಿದರೆ ಮುರಿಯುತ್ತದೆ. ಬೇಯಿಸಿದರೆ ಮನೆಯೆಲ್ಲ ನಾತ. ಅತ್ತಿಗೆ ಮೂಗು ಮುಚ್ಚಿಕೊಂಡೇ ಚಹಾ ಸೋಸಿದಳು. ಒಳಗೆ ಪನೀರು, ಗಜ್ಜರಿ, ಮೆಣಸಿನ ಪುಡಿ. ಚೆನ್ನಾಗಿಯೇ ಆಗಿದೆ.

ಮಧ್ಯಾಹ್ನ

ಲಕ್ಷ್ಮೀ ಒಂದು ತಿಂದಳು. "ಭಾರೀ ಆಗೇತಿ ದಾನಕ್ಕ" ಅಂದಳು. ಆಮೇಲೆ ಶೋಭಾಳ ಕಡೆ ತಿರುಗಿ, "ಹೌದಿಲ್ರಿ?" ಅಂತ ಕೇಳಿದಳು. ನನ್ನ ಅಡುಗೆಗೆ ಅವಳ ಸರ್ಟಿಫಿಕೇಟು.

ಜುಲೈ 3

ಶೋಭಾ ತನ್ನ ಡಬ್ಬಿಯನ್ನು ಉಸಲಿ ಸಮೇತ ನನ್ನ ಕೈಗೇ ಕೊಟ್ಟಳು. "ಮನಿಗೆ ಒಯ್ರಿ. ಡಬ್ಬಿ ನಾಳೆ ಕೊಡೀರಂತ." ಏನೋ ನಾಚಿಕೆಯ ನಗೆ. ಲಕ್ಷ್ಮೀ ತಲೆ ತಗ್ಗಿಸಿ ನೋಟ್ಸ್ ತಿದ್ದುತ್ತಿದ್ದಳು. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದಳು. ಏನೋ ಹೇಳುವವಳ ಹಾಗೆ ಎರಡು ಸಲ ನಿಂತಳು. ಬಸ್ಸು ಬಂತು, ಹತ್ತಿದಳು.

ಉಸಲಿ ಅತ್ತಿಗೆಗೆ ಕೊಟ್ಟೆ. ಖಾಲಿ ಡಬ್ಬಿ ಹೊಳ್ಳಿ ಕೊಡಬಾರದು, ಏನಾದರೂ ಹಾಕಿ ಕೊಡಬೇಕು. ಹಾಕುತ್ತೇನೆ. ಪೇಟೆಯಿಂದ ಕರದಂಟು ತಂದೆ. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ, ತುಪ್ಪ. ಲಕ್ಷ್ಮೀಗೆ ಕರದಂಟು ಎಂದರೆ ಪ್ರಾಣ. ಡಯಟ್ಟು ಹೇಗೆ ಉಳಿಯುತ್ತದೋ ನೋಡುತ್ತೇನೆ. ಕ್ಯಾಲರಿ ಶೋಭಾ ಲೆಕ್ಕ ಹಾಕಲಿ, ಗಣಿತದ ಟೀಚರ್ ಅಲ್ಲವೇ.

ಜುಲೈ 4

ಏನು ಮಾಡಿಬಿಟ್ಟೆ...

ಶೋಭಾ ಮುಚ್ಚಳ ತೆಗೆದಳು. ನೋಡುತ್ತಲೇ ಕಣ್ಣಲ್ಲಿ ನೀರು. "ಲಕ್ಷ್ಮೀ ನಿಮಗ ಎಲ್ಲಾ ಹೇಳ್ಯಾರಲ್ರಿ?"

ಏನು ಎಲ್ಲಾ? ಗೊತ್ತಿಲ್ಲ. ಆದರೆ ಲಕ್ಷ್ಮೀಯ ವಿಷಯ ನನಗೆ ಗೊತ್ತಿಲ್ಲ ಅಂತ ಇವಳ ಮುಂದೆ ಒಪ್ಪಿಕೊಳ್ಳಲೇ? ಹೂಂ ಅಂದೆ.

"ನಮ್ಮ ಅಣ್ಣ ಶಿವಕುಮಾರನ ಪುಣ್ಯರಿ. ದಾನಕ್ಕ ಹೂಂ ಅಂದ್ರ ಮದವಿ, ಇಲ್ಲಂದ್ರ ಇಲ್ಲ ಅಂತ ಕುಂತಿದ್ರು ಲಕ್ಷ್ಮೀ. ನಿನ್ನೆ ನಿಮಗ ಹೇಳ್ತೀನಿ ಅಂದಿದ್ರು. ಅದಕ್ಕ ಡಬ್ಬಿ ಕೊಟ್ಟಿದ್ದೆ. ಹೆಣ್ಣಿನ ಕಡಿಯಿಂದ ಸಿಹಿ ಬಂತಂದ್ರ ಒಪ್ಪಿಗಿ ಬಂದಂಗ."

ಕಣಗಲಾದಲ್ಲಿ ಪೈಪಿನ ಅಂಗಡಿಯಂತೆ. ಹೆಂಡತಿ ತೀರಿಕೊಂಡವನಂತೆ.

ಅಷ್ಟರಲ್ಲಿ ಲಕ್ಷ್ಮೀ ಕ್ಲಾಸು ಮುಗಿಸಿ ಬಂದಳು. ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಕಿಟಕಿ ಹತ್ತಿರದ ನಮ್ಮ ಜಾಗಕ್ಕೆ ಬಂದು ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು.

"ಅಂಜಿದ್ದೆ ದಾನಕ್ಕ. ಬಿಟ್ಟು ಹೊಂಟೀಯಾ ಅಂತ ಕೇಳ್ತಿ ಅಂತ. ನಿನ್ನೆನೂ ಬಾಯಿ ಬರ್ಲಿಲ್ಲ. ನಿನಗ ಹೆಂಗ ಗೊತ್ತಾತು?"

"ನನಗ ಗೊತ್ತಾಗೂದಿಲ್ಲೇನು?" ಅಂದೆ.

ಥೈರಾಯಿಡ್ ಖರೆ ಅಂತೆ. ಆದರೆ ಶಿವಕುಮಾರನ ಮನೆಯಲ್ಲಿ ಎಲ್ಲರೂ ಇಂಥ ಊಟವನ್ನೇ ಮಾಡುತ್ತಾರಂತೆ. "ರೂಢಿ ಆಗ್ಲಿ ಅಂತ ತಿನ್ನಾಕತ್ತಿದ್ದೆ." ನಾನು ಎಲೆಗೆ ಎಲೆ ಪೈಪೋಟಿ ಮಾಡುತ್ತಿದ್ದೆ. ಅವಳು ಸಂಸಾರ ಕಲಿಯುತ್ತಿದ್ದಳು.

ಕರದಂಟು ಇಡೀ ತುಂಡು ತಿಂದಳು. ನಾನು ಬಯಸಿದ್ದೂ ಅದೇ ತಾನೆ.

ಜುಲೈ 19

ಈಗಲೂ ನನ್ನದೊಂದು ಮಾತು ಸಾಕು. ಬೇಡ ಲಕ್ಷ್ಮೀ ಅಂದರೆ ಅವಳು ನಿಲ್ಲುತ್ತಾಳೆ. ದಿನಾ ಬಾಯಿತನಕ ಬರುತ್ತದೆ. ಕಣಗಲಾದಿಂದ ದಿನಾ ಬರಲಾಗದು ಎಂದು ಇವತ್ತು ಅವಳು ರಾಜೀನಾಮೆ ಕೊಟ್ಟಳು. ಹೆಡ್‌ಮಾಸ್ತರರ ರೂಮಿನಿಂದ ನಗುತ್ತಾ ಹೊರಗೆ ಬಂದಳು. ಆ ನಗು ನೋಡಿ ನುಂಗಿಕೊಂಡೆ.

ಆಗಸ್ಟ್ 18, ಭಾನುವಾರ

ಕಣಗಲಾದಿಂದ ಈಗ ಬಂದೆ. ನಿಶ್ಚಯ ಆಯಿತು. ಮೊದಲ ಸಿಹಿ ದಾನಕ್ಕನೇ ತಿನ್ನಿಸಬೇಕು ಅಂತ ಲಕ್ಷ್ಮೀ ಹಟ. ತಿನ್ನಿಸಿದೆ.

ಶಿವಕುಮಾರನನ್ನು ದ್ವೇಷಿಸಲಿಕ್ಕೆ ತಯಾರಾಗಿ ಹೋಗಿದ್ದೆ. ಮೃದು ಮನುಷ್ಯ. ಊಟದ ನಂತರ ಹತ್ತಿರ ಬಂದು ಕೂತ.

"ಟೀಚರ್ರಿ, ಆಕಿಗೆ ಏನು ಸೇರತೈತ್ರಿ? ಕೇಳಿದ್ರ ಏನಾದ್ರೂ ಆಕ್ಕೈತಿ ಅಂತಾಳ. ನೀವು ಹೇಳ್ರಿ."

ಹೇಳಿದೆ. ಉಸಲಿಗೆ ನಿಂಬೆಹುಳಿ ಜಾಸ್ತಿ. ಪಚಡಿಗೆ ಶೇಂಗಾ ಪುಡಿ ಕಡಿಮೆ. ಮಜ್ಜಿಗೆಗೆ ಶುಂಠಿ ಹಾಕಬೇಡಿ. ಪಾಠ ಕೇಳುವವನ ಹಾಗೆ ತಲೆ ಆಡಿಸಿದ. ಒಂದನ್ನು ಮಾತ್ರ ಹೇಳಲಿಲ್ಲ. ಜ್ವರ ಬಂದು ಏನೂ ಬೇಡ ಅಂದಾಗ ಅವಳು ತಿನ್ನುವುದು ಒಂದೇ ಒಂದಿದೆ. ಅದು ಅವಳ ಅವ್ವನಿಗೂ ಗೊತ್ತಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಅವಳಿಗೆ ಜ್ವರ ಬಾರದಿರಲಿ. ಬಂದರೆ ಅವನು ನನಗೇ ಫೋನ್ ಮಾಡಬೇಕು. ಆಗ ಹೇಳುತ್ತೇನೆ. ಇಲ್ಲ... ಹೇಳುವುದಿಲ್ಲ. ಮಾಡಿಕೊಂಡು, ಬಿಸಿ ಇರುವಾಗಲೇ ನಾನೇ ಬಸ್ಸು ಹತ್ತಿ —