ಹನ್ನೊಂದು ಜನರ ಮೂಲೆ

ಅಯೋವಾ, ಮಂಗಳವಾರ

ಅಕ್ಕ,

ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಇಲ್ಲಿ ಚೀಟಿ ಹಾಕುವುದಿಲ್ಲ. ಊರವರು ಶಾಲೆಯ ಆಟದ ಹಾಲ್‌ನಲ್ಲಿ ಸೇರಿ, ತಮಗೆ ಬೇಕಾದವರ ಮೂಲೆಗೆ ಹೋಗಿ ನಿಲ್ಲುತ್ತಾರೆ. ಹನ್ನೆರಡು ಜನರಿಲ್ಲದ ಮೂಲೆ ಲೆಕ್ಕಕ್ಕಿಲ್ಲ, ಅಲ್ಲಿ ನಿಂತವರು ಬೇರೆ ಮೂಲೆಗೆ ಹೋಗಬೇಕು. ದೊಡ್ಡ ಆಸ್ತಿ ಮಕ್ಕಳ ಕೈಗೆ ಹೋಗುವಾಗ ತೆರಿಗೆ ಹಾಕುತ್ತೇನೆನ್ನುವ ನಮ್ಮ ವಿಟ್ಲಾಕ್‌ಗೆ ನಿನ್ನೆ ಹನ್ನೊಂದು ಜನ ನಿಂತರು. ನಾನು ಅವರ ಪ್ರಚಾರಕ್ಕೆ ಬಂದ ಹೊರರಾಜ್ಯದವಳು, ನಿಂತರೂ ಎಣಿಸುವುದಿಲ್ಲ.

ನಡುವೆ ಉಳಿದವರು ಒಬ್ಬರೇ, ಮೂರು ವಾರದಿಂದ ನನಗೆ ಊಟ ಹಾಕುತ್ತಿರುವ ವರ್ನಾ ಶ್ರೋಡರ್. ಯಾರ ತೆರಿಗೆಯನ್ನೂ ಮುಟ್ಟೆನೆನ್ನುವ ಡ್ರೂರಿಯ ಮೂಲೆಯಿಂದ ಅವರ ಮೈದುನ ಕೂಗಿದ: "ಅತ್ತಿಗೆ, ಈ ಕಡೆ ಬನ್ನಿ! ಆ ಹುಡುಗಿ ನಿಮ್ಮ ಹೊಲಾನೂ ಕರಪತ್ರದಲ್ಲಿ ಸುತ್ಕೊಂಡು ಹೋಗ್ತಾಳೆ!"

ವರ್ನಾ ನಗಲಿಲ್ಲ. "ಸಿರಿವಂತರು ತೆರಿಗೆ ಕಟ್ಲಿ, ನಂಗೂ ಅದೇ ಬೇಕು. ಆದ್ರೆ ನಾನು ಸತ್ಮೇಲೆ ಆ ತೆರಿಗೆ ಕಟ್ಟೋಕೆ ನನ್ನ ಮಗಳು ಹೊಲ ಮಾರ್ಬೇಕಾಗತ್ತಾ? ಹೌದೋ ಅಲ್ವೋ, ಅಷ್ಟು ಹೇಳಮ್ಮ."

ಆ ಕರಪತ್ರ ನನಗೆ ಬಾಯಿಪಾಠ. ಅದರಲ್ಲಿ ರೈತರಿಗೆಂದು ಹೇಳಿರುವ ತೆರಿಗೆ ರಿಯಾಯಿತಿ ಸಿಗುವುದು ವರ್ನಾ ಅವರ ಅರ್ಧ ಹೊಲಕ್ಕೆ ಮಾತ್ರ.

"ಹೌದು, ಸ್ವಲ್ಪ ಮಾರ್ಬೇಕಾಗತ್ತೆ," ಎಂದೆ.

ಹನ್ನೊಂದು ಜನವೂ ನನ್ನನ್ನು ನುಂಗುವಂತೆ ನೋಡಿದರು. ವರ್ನಾ ನನ್ನ ಭುಜ ತಟ್ಟಿ ಮೈದುನನ ಕಡೆ ನಡೆದರು. ನಮ್ಮ ಮೂಲೆ ಖಾಲಿಯಾಯಿತು.

ಕೆಮ್ಮು ಇಳಿದಿದೆ. ದುಡ್ಡು ಬೇಡ, ಉಣ್ಣೆಯ ಕಾಲುಚೀಲ ಕಳಿಸು. ವಿಟ್ಲಾಕ್ ಈಗಲೂ ನನ್ನ ಅಭ್ಯರ್ಥಿಯೇ. ಆದರೆ ಆ ರಿಯಾಯಿತಿ ಸಾಲದೆಂದು ನಾಳೆ ಅವರ ಕಚೇರಿಯಲ್ಲೇ ಜಗಳ ತೆಗೆಯುತ್ತೇನೆ. ಅವರು ನನ್ನನ್ನು ಓಡಿಸಿದರೆ ಮಾತ್ರ ಕಾಲುಚೀಲ ಕಳಿಸಬೇಡ, ನಾನೇ ಬರುತ್ತೇನೆ.

ಆತುರದಲ್ಲಿ,
ರೋವೆನಾ