ಪರದೆಯ ಹಿಂದೆ ಇಬ್ಬರು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಇಲ್ಲದಿದ್ದರೆ ನಿನಗೆ ತಲೆನೋವು ಶುರುವಾಗುತ್ತದೆ. ನನ್ನ ಎಡಮಂಡಿ ಎಂದಿನಂತೆಯೇ ಇದೆ. ನಾಟಕದ ಸಿಂಹಾಸನದಿಂದ ಧಡಾರನೆ ಎದ್ದು ಇಡೀ ಸಭೆಯನ್ನು ನಡುಗಿಸುತ್ತಿದ್ದ ಮಂಡಿ, ಈಗ ಬಚ್ಚಲಿಗೆ ಹೋಗುವುದಕ್ಕೂ ನನ್ನಿಂದ ಬೇಡಿಸಿಕೊಳ್ಳುತ್ತದೆ.

ಇಲ್ಲಿಯ ಬಸ್ ನಿಲ್ದಾಣಕ್ಕೆ ನೀನು ಅಧಿಕಾರಿಯಾಗಿದ್ದಾಗ ಹಾಕಿಸಿದ ಯಂತ್ರದ ದನಿ ಚೆನ್ನಾಗಿಯೇ ನಡೆಯುತ್ತಿದೆ. ನಾನು ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದ ಮೈಕಿನ ಕೋಣೆಯಲ್ಲಿ ಈಗ ಪೊರಕೆ ಇಡುತ್ತಾರೆ. ಆ ಕೋಣೆಗಾಗಿಯೇ ಅಲ್ಲವೇ ನಾನು ನಿನ್ನ ಜೊತೆ ಮಾತು ಬಿಟ್ಟದ್ದು, ನೀನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದದ್ದು. ಮೊನ್ನೆ ಹೋಗಿ ನೋಡಿದೆ. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ, ಅಷ್ಟೇ.

ಇನ್ನು ನಿನ್ನ ಪುಸ್ತಕದ ಪ್ರಸಂಗ, ಕೇಳುವಂಥವನಾಗು. ಅಧಿಕಾರ, ತಂತ್ರ, ಮನುಷ್ಯ ಸ್ವಭಾವ ಎಂದು ದಿನಕ್ಕೊಂದು ಪುಟ. ನೀನು ಬೆಳಗಿನ ಚಹಾದ ಜೊತೆ ಓದುತ್ತೀಯಲ್ಲ, ಅದೇ. ಎದುರಾಳಿಯ ಮರ್ಮ ತಿಳಿಯಲೆಂದು ನಾನೂ ಒಂದು ಪ್ರತಿ ತಂದೆ. ನಾಟಕ ಕಂಪನಿಯಲ್ಲಿ ಬೆಳೆದ ಗಂಟಲು, ಮೆಲ್ಲಗೆ ಓದಲು ಬರುವುದಿಲ್ಲ. ಪಕ್ಕದ ಮನೆಯ ದರ್ಜಿ ಕಿಟಕಿ ಮುಚ್ಚಿಕೊಳ್ಳುತ್ತಾನೆ. ಮೊದಲು ಮಾತಾಡಿದವನ ಕೈ ಕೆಳಗಾಗುತ್ತದೆ ಎಂದಿತ್ತು ಒಂದು ಪುಟ. ನಾನು ತುಟಿ ಬಿಚ್ಚಲಿಲ್ಲ. ನಿನ್ನ ಫೋನೂ ನಿಮ್ಮಮ್ಮನಿಗೆ ಮಾತ್ರ ಬಂತು. ಎದುರಾಳಿಯನ್ನು ಉಡುಗೊರೆಯಿಂದ ಮೆತ್ತಗೆ ಮಾಡು ಎಂದಿತ್ತು ಇನ್ನೊಂದು. ಅಂದೇ ನಿನಗೊಂದು ಸ್ವೆಟರ್ ಕಳಿಸಿದೆ. ಅದೇ ಪುಟ ಓದಿ ನೀನೂ ಅದೇ ತಾರೀಖಿಗೆ ಅಂಚೆಗೆ ಹಾಕಿದ ಪೊಟ್ಟಣ ಬಂತು. ಭಲೇ ತಂತ್ರಗಾರ ಎಂದುಕೊಂಡು ಬಿಚ್ಚದೆ ಬೀರುವಿನ ಮೇಲಿಟ್ಟೆ. ನನ್ನದನ್ನು ನೀನೂ ಬಿಚ್ಚಿಲ್ಲವಂತೆ.

ಇದನ್ನು ನನಗೆ ಹೇಳುವಾಗ ನಿಮ್ಮಮ್ಮ ನಗಲಿಲ್ಲ. "ಅಪ್ಪ ಮಗ ಇಬ್ರೂ ಪರದೆ ಹಿಂದೆ ನಿಂತ್ಕೊಂಡು, ಅವನು ಮೊದ್ಲು ಹೋಗ್ಲಿ ಅಂತ ಕಾಯ್ತಿದ್ದೀರಿ. ಎದುರಿಗೆ ಕೂತಿರೋಳು ನಾನೊಬ್ಳೇ," ಎಂದಳು. ದನಿ ಒಡೆದಿತ್ತು. ಶೀತವೆಂದು ನಿನಗೆ ಫೋನಿನಲ್ಲಿ ಹೇಳಿದ್ದಾಳಲ್ಲ, ಅದೇ ದನಿ.

ಇವತ್ತಿನ ಪುಟವನ್ನೂ ಓದಿದೆ. ಕೋಣೆ ತುಂಬ ನನ್ನ ದನಿ. ಏನು ಓದಿದೆನೆಂದು ಕೇಳಿದರೆ ಹೇಳಲಾರೆ.

ತಲೆ ಮೇಲೆ ಕೈಯಿಟ್ಟು ಹರಸಿದ್ದೇನೆಂದು ತಿಳಿ.

ನಿನ್ನ ಅಪ್ಪ

ತಾ.ಕ.: ನಿಮ್ಮಮ್ಮನದು ಶೀತವಲ್ಲ. ಗಂಟಲಲ್ಲಿ ಗಡ್ಡೆ. ಇದೇ ಇಪ್ಪತ್ತೊಂದಕ್ಕೆ ಆಪರೇಷನ್. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಡುತ್ತಿಲ್ಲ. "ನಾನ್ ಹೇಳಿದ್ರೆ ನನಗೋಸ್ಕರ ಬರ್ತಾನೆ. ನೀವು ಕರೀರಿ," ಎಂದು ಹಟ ಹಿಡಿದು ನಿನ್ನಿಂದ ಮುಚ್ಚಿಟ್ಟಿದ್ದಾಳೆ. ಪೊಟ್ಟಣ ಈಗಷ್ಟೇ ಬಿಚ್ಚಿದೆ. ಮಂಡಿಪಟ್ಟಿ, ಎಡಗಾಲಿನದೇ. ಹಾಕಿಕೊಂಡೇ ಬರೆಯುತ್ತಿದ್ದೇನೆ. ಮೊದಲು ಮಾತಾಡಿದವನು ನಾನು. ಅವಳ ದನಿ ಇರುವಾಗಲೇ ಬಾ.